ಕೀಲು ಬೆಸೆಯುವ ಮಾತು

ಹತ್ತಿ ಒತ್ತುವ ಪ್ರೆಸ್ಸಿನ ಕಚೇರಿಯ ಗಡಿಯಾರದಲ್ಲಿ ಮಧ್ಯಾಹ್ನ ಮೂರೂಕಾಲು. ಊಟ ತಡವಾಯಿತೆಂದು ಆಗತಾನೆ ಅದನ್ನು ನೋಡಿ ಅಂಗಳಕ್ಕೆ ಇಳಿದಿದ್ದೆ. ಒತ್ತಿ, ಕಬ್ಬಿಣದ ಪಟ್ಟಿ ಬಿಗಿದ ಹತ್ತಿಯ ಬೇಲುಗಳನ್ನು ಅಲ್ಲಿ ಆಳೆತ್ತರಕ್ಕೂ ಮೀರಿ ಒಟ್ಟಿದ್ದರು. ಆದವಾನಿಯಲ್ಲಿ ಹತ್ತಿ ವ್ಯಾಪಾರ ಮಾಡುತ್ತಿದ್ದ ನಮ್ಮಣ್ಣ ಬಗ್ಗಿ ಕೆಳಗಿನ ಬೇಲಿನ ಗುರುತು ಓದುತ್ತಿದ್ದ. ಮೇಲಿನ ಬೇಲೊಂದು ವಾಲಿತು. ನಾನು ಕೂಗಿದೆ. ಅಣ್ಣ ಹಾರಿದ. ಎಡಗಾಲು ಮಾತ್ರ ಹಿಂದೆ ಉಳಿಯಿತು.

ಸದ್ದು ದೊಡ್ಡದಾಗಿರಲಿಲ್ಲ. ಹತ್ತಿಯಲ್ಲವೇ, ಮೆತ್ತಗೆ ಕೇಳಿಸಿತು. ನಾನು ಬಿ.ಎ. ಓದಿ ಮುಗಿಸಿ ಮನೆಗೆ ಬಂದಿದ್ದ ಹೊಸದು. ಮುಂದೆ ಏನು ಓದಲು ಕೂತರೂ ಆ ಬೇಲು ವಾಲುವುದೇ ಕಣ್ಣಿಗೆ ಬರುತ್ತಿತ್ತು. ಬೀಳುವುದಲ್ಲ, ವಾಲುವುದು.

ಎಲುಬು ಕಟ್ಟುವವರು ಬಂದು ಬಿದಿರಿನ ದಬ್ಬೆ ಇಟ್ಟು ಬಿಗಿದರು. ಕಾಲು ಅಲುಗಿಸಬಾರದು ಎಂದು ಎರಡೆರಡು ಸಲ ಹೇಳಿದರು. ನಾವು ನಡೆಯಲು ಬಿಡಲಿಲ್ಲ, ಹೊಸ್ತಿಲು ದಾಟಲೂ ಬಿಡಲಿಲ್ಲ. ಆದರೆ ನಮ್ಮ ಮನೆಯಲ್ಲಿ ಲಿಂಗಪೂಜೆಯಾಗದೆ ಯಾರೂ ಬಾಯಿಗೆ ನೀರು ಹಾಕುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವ್ವ ಒಂದು ರಟ್ಟೆ, ನಾನೊಂದು ರಟ್ಟೆ ಹಿಡಿದು ಅಣ್ಣನನ್ನು ಮಣೆಯ ಮೇಲೆ ಕೂರಿಸುತ್ತಿದ್ದೆವು. ದಬ್ಬೆ ಕಟ್ಟಿದ ಕಾಲನ್ನು ಅವನು ಹಲ್ಲು ಕಚ್ಚಿ ಮಡಚಿ, ಎಡ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಅಲುಗಿಸುವುದೆಂದರೆ ನಡೆಯುವುದು ಎಂದೇ ನಾವೆಲ್ಲ ತಿಳಿದಿದ್ದೆವು. ಪೂಜೆ ನಮಗೆ ಅಲುಗಾಟವಾಗಿ ಕಾಣಲೇ ಇಲ್ಲ.

ದಬ್ಬೆ ಬಿಚ್ಚಿದಾಗ ಪಾದ ಒಳಗೆ ತಿರುಗಿ ಕೂಡಿಕೊಂಡಿತ್ತು. ಊರಿದರೆ ಪ್ರಾಣ ಹೋದಂತೆ. ಹಗಲು ಅಂಗಡಿಯಲ್ಲಿ ಹೇಗೋ ಕಳೆಯುತ್ತಿದ್ದ. ಮಲಗಿದ ಮೇಲೆ ನರಳುತ್ತಿದ್ದ. ಅವನು ಎದ್ದರೆ ಅತ್ತಿಗೆ ಏಳಬೇಕು, ಅತ್ತಿಗೆ ಎದ್ದರೆ ಅವ್ವ. ಬೆಳಗಾಗುವಷ್ಟರಲ್ಲಿ ಮನೆಯೆಲ್ಲ ಜ್ವರದಿಂದ ಎದ್ದವರಂತೆ ಓಡಾಡುತ್ತಿತ್ತು. ಒಮ್ಮೆ ಅತ್ತಿಗೆ ರೊಟ್ಟಿ ಬಡಿಯುತ್ತಲೇ ಗೋಡೆಗೆ ಒರಗಿ ನಿದ್ದೆ ಹೋದರು. ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ಬಳ್ಳಾರಿಯಲ್ಲಿ ಎಕ್ಸ್‌ರೇ ತೆಗೆದವರು ಮದರಾಸಿಗೆ ಹೋಗಿರೆಂದರು. ಹೋದೆವು. ಅಲ್ಲಿಯ ಡಾಕ್ಟರು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ: ಪಾದದ ಕೀಲು ಸವೆದು ಹಾಳಾಗಿದೆ. ಹಾಗೇ ಬಿಟ್ಟರೆ ಈ ನೋವು ಸಾಯುವತನಕ. ಇಲ್ಲವೇ ಎಲುಬಿನ ತುದಿಗಳನ್ನು ಹೆರೆದು, ಪಾದ ನೆಟ್ಟಗೆ ಮಾಡಿ, ಒಂದಕ್ಕೊಂದು ಬೆಸೆದುಬಿಡಬೇಕು. ನೋವು ಹೋಗುತ್ತದೆ. ಆದರೆ ಪಾದ ಮತ್ತೆಂದೂ ಬಗ್ಗುವುದಿಲ್ಲ, ಹೊರಳುವುದಿಲ್ಲ.

ಅಣ್ಣ ನನ್ನ ಮುಖ ನೋಡಿದ. "ಕುಂದ್ರಾಕ ಬರ್ತೈತೇನು, ಕೇಳು."

ಕೇಳಿದೆ. ಡಾಕ್ಟರು ತಮ್ಮ ಕುರ್ಚಿಯ ತೋಳು ತಟ್ಟಿ ತೋರಿಸಿದರು. ಇದರ ಮೇಲೆ ಎಷ್ಟು ಹೊತ್ತಾದರೂ. ನೆಲದ ಮೇಲೆ ಕಾಲು ಮಡಚಿ, ಇಲ್ಲ.

ಮರುದಿನದ ಗಾಡಿಗೆ ಹಿಂತಿರುಗಿದೆವು. ಅಣ್ಣ ಕಿಟಕಿಯ ಕಡೆ ಮುಖ ಮಾಡಿದವನು ಆದವಾನಿಯಲ್ಲೇ ಈ ಕಡೆ ತಿರುಗಿದ್ದು.

ಸುದ್ದಿ ಕೇಳಿ ಹೊಳಗುಂದದಿಂದ ಸೋದರಮಾವ ಬಂದರು. ಅವರ ಬಾಯಿ ಸುಮ್ಮನಿರುವ ಬಾಯಲ್ಲ. "ಕುರ್ಚಿ ಮ್ಯಾಲೆ ಕುಂತು ಲಿಂಗಪೂಜಿ ಮಾಡಾಕ ನಮ್ಮ ಅಳಿಯ ಏನು ಕಲೆಕ್ಟರ್ ಆಗ್ಯಾನೇನು?" ಎಂದರು. ಎಲ್ಲರೂ ನಕ್ಕರು, ಅಣ್ಣನೂ ನಕ್ಕ. ಆಮೇಲೆ ಎಷ್ಟೋ ದಿನ ಅವನು ಆಪರೇಷನ್ನಿನ ಮಾತೆತ್ತಲಿಲ್ಲ. ನಾನು ವೈದ್ಯಶಾಸ್ತ್ರ ಹೇಳಹೋಗುತ್ತಿದ್ದೆ. ಅರ್ಧಕ್ಕೆ ಬರುವಷ್ಟರಲ್ಲಿ ಬೇಲು ವಾಲುತ್ತಿತ್ತು, ಮಾತು ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಅಣ್ಣ ಎಂದಿನಂತೆ ಮಣೆಯ ಮೇಲೆ ಕೂತಿದ್ದ. ಹೂವೇರಿಸುವಾಗ ನೋವು ಸೆಳೆಯಿತೋ ಏನೋ, ಎಡಗೈ ನಡುಗತೊಡಗಿತು. ಲಿಂಗ ಅಂಗೈಯಲ್ಲಿ ಜರುಗಿತು. ಅದು ನೆಲಕ್ಕೆ ಬಿದ್ದರೆ ಆಮೇಲೆ ಬದುಕಿರಬಾರದು ಎನ್ನುತ್ತಾರೆ ನಮ್ಮವರು. ಅಂದು ಮೂರೂಕಾಲಿಗೆ ಪ್ರೆಸ್ಸಿನ ಅಂಗಳದಲ್ಲಿ ನಿಂತಂತೆಯೇ ಆಗಲೂ ನಾನು ನಿಂತಲ್ಲೇ ನಿಂತೆ. ಅತ್ತಿಗೆ ಮಾತ್ರ ಒಂದೇ ಹೆಜ್ಜೆಗೆ ಬಂದು ಅವನ ಕೈ ಕೆಳಗೆ ತಮ್ಮ ಅಂಗೈ ಒಡ್ಡಿದರು. ಎರಡು ಕೈಯೂ ಹಾಗೇ ಇದ್ದವು, ನಡುಕ ನಿಲ್ಲುವವರೆಗೆ.

"ಡಾಕ್ಟ್ರು ಬೆಸೀತೀನಿ ಅಂದಿದ್ದು ಕಾಲ," ಎಂದರು ಅತ್ತಿಗೆ, ಮೆಲ್ಲಗೆ. "ಅಂಗೈಗೆ ಏನಾರ ಅಂದಾರೇನ್ರಿ? ಕಾಲು ಮಡಚಾಕ ಹೋಗಿ ಕೈಯಾಗಿಂದು ಕಳಕೊಂತೀರಿ. ಕುರ್ಚಿ ನಾ ಹಾಕ್ತೀನಿ. ಯಾರು ನಗ್ತಾರೋ ನಗ್ಲಿ."

ಅಣ್ಣ ಅವ್ವನ ಕಡೆ ನೋಡಿದ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡರು. "ನನಗೂ ಸಾಕಾಗೈತಪಾ," ಎಂದರು. ಅಷ್ಟೇ.

ಅಣ್ಣ ಪೂಜೆ ಮುಗಿಸಿ, ಲಿಂಗ ಕಟ್ಟಿಕೊಂಡು, ನನ್ನನ್ನು ಕರೆದ. "ತಮ್ಮಾ, ಮದರಾಸಿನ ಗಾಡಿ ಎಷ್ಟೊತ್ತಿಗೈತಿ ನೋಡು."

ಆಪರೇಷನ್ ಆಯಿತು. ಮೊಣಕಾಲಿನವರೆಗೆ ಗಟ್ಟಿ ಪಟ್ಟಿ ಹಾಕಿ ಕಳಿಸಿದರು. ಈ ಸಲ ಅಲುಗಿಸಬಾರದೆಂದರೆ ಏನೆಂದು ನಮಗೆ ಗೊತ್ತಿತ್ತು. ಮಲಗಿದಲ್ಲೇ ಪೂಜೆ ನಡೆಯಿತು. ಆದರೂ ನೋವು ತಟ್ಟನೆ ಬಿಡಲಿಲ್ಲ. ಬೇಸಿಗೆ ಪೂರ್ತಿ ಸರದಿಯ ಮೇಲೆ ಎಚ್ಚರವಿದ್ದೆವು. ಪಟ್ಟಿ ತೆಗೆದ ಮೇಲೂ ಮೊದಮೊದಲು ಹಲಗೆಯಂಥ ಆ ಪಾದವನ್ನು ಊರಲು ಅಣ್ಣ ಹೆದರುತ್ತಿದ್ದ.

ಶ್ರಾವಣದ ಒಂದು ಸೋಮವಾರ ಹಾಲಿನವಳು ಬಾಗಿಲು ಬಡಿದ ಸದ್ದಿಗೆ ನನಗೆ ಎಚ್ಚರವಾಯಿತು. ಬಿಸಿಲು ಅಂಗಳ ದಾಟಿ ಗೋಡೆ ಏರಿತ್ತು. ಊರೆಲ್ಲ ಮೈ ತೊಳೆದುಕೊಂಡಾಯ್ತು, ನಿಮ್ಮನಿಗೆ ಏನಾಗೈತಿ ಎಂದು ಅವಳು ಹೊರಗೆ ಗೊಣಗುತ್ತಿದ್ದಳು. ಒಲೆ ತಣ್ಣಗಿತ್ತು. ರಾತ್ರಿ ಒಮ್ಮೆಯೂ ನರಳದ ಅಣ್ಣ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅತ್ತಿಗೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಅವ್ವನಿಗೂ ಎಚ್ಚರವಿರಲಿಲ್ಲ. ಅವರನ್ನೆಲ್ಲ ದಾಟಿ, ಹಾಲಿಗೆ ಚರಿಗೆ ತೆಗೆದುಕೊಂಡು, ಸದ್ದಾಗದಂತೆ ಬಾಗಿಲ ಅಗಳಿ ಸರಿಸಿದೆ.