ಅಂಗೈಯಲ್ಲಿ ಕೇಳುವ ಕೋದಂಡಪ್ಪ

ಕೋದಂಡಪ್ಪನ ಕಿವಿ ಬಿಟ್ಟು ಮೊದಲು ಹೊರಟುಹೋದವು ಗುಬ್ಬಚ್ಚಿಗಳು. ಆಮೇಲೆ ಕುಕ್ಕರಿನ ಸೀಟಿ, ಸೈಕಲ್ ಗಂಟೆ, ಮಗಳ ಬಳೆಯ ಸದ್ದು. ಹೋಗುವಾಗ ಯಾವುದೂ ಹೇಳಿಹೋಗಲಿಲ್ಲವಾದ್ದರಿಂದ ಊರಲ್ಲಿ ಗುಬ್ಬಚ್ಚಿಯೇ ಕಡಿಮೆಯಾಗಿದೆ, ಈಗಿನ ಕುಕ್ಕರುಗಳೇ ಸರಿಯಿಲ್ಲ ಎಂದು ಅವನು ಬಹಳ ಕಾಲ ನಂಬಿಕೊಂಡಿದ್ದ. ಕೊನೆಗೆ ಉಳಿದದ್ದು ಗುಡುಗು, ಮಾರಿಕುಪ್ಪಂ ರೈಲಿನ ಅದುರು ಮತ್ತು ಪಕ್ಕದ ಮನೆಯ ಪಾಪಕ್ಕನ ಬೈಗುಳ.

ಕಾರಣ ಹುಡುಕಲು ದೂರ ಹೋಗಬೇಕಿರಲಿಲ್ಲ. ವಯಸ್ಸಿನಲ್ಲಿ ಅವನು ಮೈಸೂರು ಮೈನ್ಸ್‌ನಲ್ಲಿ ಚಿನ್ನದ ಗಣಿಗೆ ಇಳಿದು ಬಂಡೆಗೆ ಡ್ರಿಲ್ ಮಿಷನ್ ಹಿಡಿಯುತ್ತಿದ್ದ. ಕಿವಿಗೆ ಒಂದು ಚೂರು ಹತ್ತಿ, ಅಷ್ಟೇ ರಕ್ಷಣೆ. ಗಣಿ ಮುಚ್ಚಿದ ಮೇಲೆ ಬಂಗಾರಪೇಟೆಯ ಮರ ಕೊಯ್ಯುವ ಮಿಲ್ಲಿಗೆ ಸೇರಿದ. ಡ್ರಿಲ್ಲು ಬಿಟ್ಟದ್ದನ್ನು ಗರಗಸ ತೆಗೆದುಕೊಂಡಿತು. ಈಗ ಎಪ್ಪತ್ತು ದಾಟಿದೆ; ಮೈಸೂರು ಮೈನ್ಸ್‌ನ ಗಣಿ ಕಾರ್ಮಿಕರ ಸಾಲಿನ ಲೈನ್ ಮನೆಯಲ್ಲಿ ಮಗಳು ಶಶಿರೇಖ, ಅಳಿಯ ಗಿರಿಯ ಜೊತೆ ಇದ್ದಾನೆ. ಮಗಳದು ರಾಬರ್ಟ್‌ಸನ್‌ಪೇಟೆಯಲ್ಲಿ ಸಣ್ಣ ಟೈಲರಿಂಗ್ ಅಂಗಡಿ. ಅಳಿಯ ಬಂಗಾರಪೇಟೆಯಲ್ಲಿ ಹಾಲಿನ ವ್ಯಾನು ಓಡಿಸುತ್ತಾನೆ.

ಕಿವಿ ಹೋದದ್ದಕ್ಕೆ ಅವನಿಗೆ ಹೆಚ್ಚು ಬೇಸರವಿರಲಿಲ್ಲ, ಹಾಡು ಹೋದದ್ದಕ್ಕಿತ್ತು. ಶನಿವಾರದ ಭಜನೆಯಲ್ಲಿ ತಾಳ ಹಾಕುವವರ ಮೊದಲ ಸಾಲಿನಲ್ಲಿ ಕೂರುತ್ತಿದ್ದವನು ಕೋದಂಡಪ್ಪ. ಒಂದು ಸಲ ಎಲ್ಲರೂ ಹಾಡು ನಿಲ್ಲಿಸಿದ ಮೇಲೂ ಇವನೊಬ್ಬನೇ ಕಣ್ಣುಮುಚ್ಚಿ ಚಪ್ಪಾಳೆ ತಟ್ಟುತ್ತಿದ್ದ. ಹುಡುಗಿಯರು ಕಿಸಕ್ಕೆಂದರು. ಕಿಸಕ್ಕೆಂದದ್ದು ಕೇಳಲಿಲ್ಲ, ಕಣ್ಣು ತೆರೆದಾಗ ಕಾಣಿಸಿತು. ಮುಂದಿನ ಶನಿವಾರದಿಂದ, "ಚಪ್ಪಲಿ ಕಳುವಾಗ್ತಾವೆ, ನಾನು ಕಾಯ್ತೀನಿ" ಎಂದು ಹೊರಗೆ ಕೂರತೊಡಗಿದ.

ಮನೆಯವರು ಸುಮ್ಮನಿರಲಿಲ್ಲ. ಕಿವಿಗೆ ಮಿಷನ್ ಹಾಕಿಸಿದರು. ಅದನ್ನು ಹಾಕಿಕೊಂಡರೆ ಪಾತ್ರೆ ಅಂಗಡಿಯೇ ಮೈಮೇಲೆ ಬಿದ್ದ ಹಾಗಾಗುತ್ತಿತ್ತು. ಎರಡು ವಾರದಲ್ಲಿ ಅದು ಕಪಾಟು ಸೇರಿತು. ಯುಗಾದಿಗೆ ಗಿರಿ ಫೋನಿಗೆ ಜೋಡಿಸುವ ಹೊಸ ಸ್ಪೀಕರ್ ತಂದ. ನೋಡಲು ಒಳ್ಳೇ ಲೋಟದಷ್ಟಿತ್ತು, ಬಣ್ಣದ ದೀಪ ಬೇರೆ. ಕೋದಂಡಪ್ಪ ಅದನ್ನು ಕಿವಿಗೆ ಒತ್ತಿ, ಅಲ್ಲಾಡಿಸಿ, ತಲೆಕೆಳಗು ಮಾಡಿ ನೋಡಿದ.

"ಒಳಗೆ ಸೊಳ್ಳೆ ಐತೆ ಕಣಪ್ಪ," ಎಂದ. "ಆಡು ಎಲ್ಲೈತೆ?"

ಕೊನೆಗೆ ಉಳಿದದ್ದು ಟಿವಿಯ ಸದ್ದನ್ನು ಪೂರ್ತಿ ಏರಿಸುವುದು. ಲೈನ್ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಆ ಕಡೆಯಿಂದ ಪಾಪಕ್ಕ ಒನಕೆಯಲ್ಲಿ ಗುದ್ದುತ್ತಿದ್ದಳು. ಈ ಕಡೆ ಕೋದಂಡಪ್ಪ, "ನೋಡು, ಡೋಲು ಚೆನ್ನಾಗಿ ಕೇಳ್ತೈತೆ" ಎನ್ನುತ್ತಿದ್ದ.

ಹೋದ ವರ್ಷ ಬೇಸಿಗೆಯ ಕೊನೆಗೆ ಅವನು ಗಣಿಯ ಇನ್ನೊಂದು ಬಡಾವಣೆಯಾದ ಕೋರಮಂಡಲ್‌ಗೆ ಸೆಲ್ವರಾಜನ ಮನೆಗೆ ಹೋದ. ಸೆಲ್ವರಾಜ್ ಗಣಿಯಲ್ಲಿ ಜೊತೆಗೆ ದುಡಿದವನು. ಅವನದು ದಪ್ಪ ಗಂಟಲು, ಹಾಗಾಗಿ ಕೋದಂಡಪ್ಪನಿಗೆ ಇನ್ನೂ ಕೇಳಿಸುವ ಕೆಲವೇ ಮನುಷ್ಯರಲ್ಲಿ ಒಬ್ಬ. ಅವನ ಪಡಸಾಲೆಯ ಮೂಲೆಯಲ್ಲಿ ರಾಗಿ ಮೂಟೆ ಹೊತ್ತುಕೊಂಡು ಸೊಂಟದೆತ್ತರದ ಒಂದು ಮರದ ಪೆಟ್ಟಿಗೆ ನಿಂತಿತ್ತು. ಕೋದಂಡಪ್ಪ ಮಿಲ್ಲಿನಲ್ಲಿದ್ದವನಲ್ಲವೇ, ಮೂಟೆ ಸರಿಸಿ ಮರ ಸವರಿ ನೋಡಿದ. ತೇಗ. ಮುಂದೆ ಗೋಣಿಬಣ್ಣದ ಬಟ್ಟೆ, ಅದರ ಹಿಂದೆ ಮುದ್ದೆ ತಟ್ಟೆಯಷ್ಟಗಲದ ಸ್ಪೀಕರು. ಮೇಲಿನ ಮುಚ್ಚಳ ಎತ್ತಿದರೆ ಹಾಡಿನ ತಟ್ಟೆ ತಿರುಗಿಸುವ ಚಕ್ರ.

"ನಮ್ಮಪ್ಪ ಕ್ಲಬ್ಬಿನಲ್ಲಿ ಕೆಲಸಕ್ಕಿದ್ರಲ್ಲ, ದೊರೆ ಒಬ್ರು ಊರಿಗೋಗೋವಾಗ ಕೊಟ್ಟಿದ್ದು," ಎಂದ ಸೆಲ್ವರಾಜ್. "ರೇಡಿಯೋಗ್ರಾಂ. ಈಗ ಸತ್ತೋಗೈತೆ ಅಣ್ಣೇ. ಬೇಕಾದ್ರೆ ನೋಡು."

ಸತ್ತಿದೆ ಎಂದು ತೋರಿಸುವುದಕ್ಕೇ ಅವನು ಅದಕ್ಕೆ ಕರೆಂಟು ಕೊಟ್ಟ. ಮೊದಲು ಏನೂ ಆಗಲಿಲ್ಲ. ನಿಧಾನವಾಗಿ ಒಳಗಿನ ಗಾಜಿನ ವಾಲ್ವುಗಳು ಕೆಂಡದ ಹಾಗೆ ಕೆಂಪಾದವು, ಬಿಸಿ ದೂಳಿನ ವಾಸನೆ ಬಂತು. ಆಮೇಲೆ ಪೆಟ್ಟಿಗೆ "ಗೊಂಯ್" ಎಂದು ಗುನುಗಿತು.

ಕೋದಂಡಪ್ಪನ ಬಲಗೈ ಅದರ ಮೇಲೇ ಇತ್ತು. ಅವನು ಬೆಚ್ಚಿ ಕೈ ತೆಗೆದ. ಮತ್ತೆ ಇಟ್ಟ. ಈ ಸಲ ಎರಡೂ ಕೈ ಇಟ್ಟ. ಗುನುಗು ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಭುಜದ ಮೂಳೆಗೆ ಹತ್ತಿ ದವಡೆಯೊಳಗೆ ಬಂದು ಕೂತಿತು. ಡ್ರಿಲ್ಲೂ ಹೀಗೇ ಕೈಯಿಂದ ಏರುತ್ತಿತ್ತು. ಆದರೆ ಅದು ಒದೆಯುತ್ತಿತ್ತು, ಇದು ಹಾಲು ಕುಡಿದ ಬೆಕ್ಕಿನ ಹಾಗೆ ಒರಗುತ್ತಿತ್ತು.

"ಬೋ ಚೆನ್ನಾಗೈತಲ್ಲೋ ಸೆಲ್ವ!"

"ಅಯ್ಯೋ, ಅದು ಕಾಯಿಲೆ ಅಣ್ಣೇ, ಆಡು ಅಲ್ಲ!"

"ಕಾಯಿಲೇನೇ ಇಷ್ಟು ಚೆನ್ನಾಗಿದ್ರೆ ಆಡು ಎಂಗಿರಬೇಡ?"

ಸೆಲ್ವರಾಜ್ ಹೊಟ್ಟೆ ಹಿಡಿದು ನಕ್ಕ. ಗೆಳೆಯ ಇನ್ನೂ ಪೆಟ್ಟಿಗೆಯನ್ನು ತಬ್ಬಿಕೊಂಡೇ ಇರುವುದನ್ನು ನೋಡಿ ನಗು ನಿಲ್ಲಿಸಿದ. "ತಗೊಂಡೋಗು," ಎಂದ. "ನಮ್ಮೋಳಿಗೆ ಗ್ರೈಂಡರ್ ಇಡೋಕೆ ಜಾಗ ಆಗ್ತೈತೆ."

ರಿಪೇರಿ ಆಗಬೇಕಾದದ್ದು ಬಂಗಾರಪೇಟೆಯಲ್ಲಿ. ಗಿರಿಯ ವ್ಯಾನು ಬರಲಿ ಎಂದು ಕಾಯುವಷ್ಟು ತಾಳ್ಮೆ ಕೋದಂಡಪ್ಪನಿಗೆ ಇರಲಿಲ್ಲ. ಮಾರನೆಯ ಬೆಳಿಗ್ಗೆ ಮುದುಕರಿಬ್ಬರೂ ಪೆಟ್ಟಿಗೆಗೆ ಹಳೇ ಸೀರೆ ಸುತ್ತಿ, ಕೋರಮಂಡಲ್ ಸ್ಟೇಷನ್ನಿನಲ್ಲಿ ರೈಲಿಗೆ ಏರಿಸಿದರು. ಬೋಗಿಯಲ್ಲಿ ಕೆಲಸಕ್ಕೆ ಹೊರಟವರ ನೂಕುನುಗ್ಗಲು. ಒಬ್ಬ ಹೆಂಗಸು ಸೀರೆ ಸುತ್ತಿದ ಉದ್ದನೆಯ ಪೆಟ್ಟಿಗೆಯನ್ನು ನೋಡಿ ಕೈಮುಗಿದು ಪಕ್ಕಕ್ಕೆ ಸರಿದಳು.

"ಯಾರಣ್ಣ, ಪಾಪ?" ಎಂದು ಮೆಲ್ಲಗೆ ಕೇಳಿದಳು.

"ಪಾಡ್ರವರು ಅಮ್ಮಾ," ಎಂದ ಸೆಲ್ವರಾಜ್ ತಮಿಳಿನಲ್ಲಿ, ಹಾಡುವವರು ಎಂದು. "ಇನ್ನೂ ಜೀವ ಐತೆ. ಡಾಕ್ಟ್ರತ್ರ ಕರ್ಕೊಂಡೋಗ್ತಾ ಇದ್ದೀವಿ."

ಸೀರೆ ಸರಿಸಿ ತೋರಿಸಿದ ಮೇಲೆ ಬಂಗಾರಪೇಟೆ ಬರುವವರೆಗೂ ಇಡೀ ಬೋಗಿ ಆ ಪೆಟ್ಟಿಗೆಯ ಸುತ್ತಲೇ ನಗುತ್ತಿತ್ತು. ಇಳಿಸುವಾಗ ಕೇಳದೆಯೇ ನಾಲ್ಕು ಮಂದಿ ಕೈ ಹಾಕಿದರು.

ಬಜಾರಿನ ಬೀದಿಯ ಆಂಜಿನಪ್ಪ ಹಿಂದೆ ರೇಡಿಯೋ ರಿಪೇರಿ ಮಾಡುತ್ತಿದ್ದವನು. ಈಗ ಮಿಕ್ಸಿ ಸರಿಮಾಡಿ, ಫೋನಿನ ಕವರು ಮಾರುತ್ತಾನೆ. ಪೆಟ್ಟಿಗೆಯ ಹಿಂಬದಿ ಬಿಚ್ಚಿದವನೇ ಬಾಗಿಲ ಬಳಿ ನಿಂತಿದ್ದ ಗಿರಾಕಿಗೆ, "ನಾಳೆ ಬಾರಪ್ಪ" ಎಂದುಬಿಟ್ಟ. ಗುನುಗಿಗೆ ಕಾರಣ ಒಣಗಿಹೋದ ಕಂಡೆನ್ಸರ್, ಅದು ಸುಲಭ. ಒಂದು ವಾಲ್ವು ಸೋತಿತ್ತು; ಅಟ್ಟದ ಬಿಸ್ಕತ್ತಿನ ಡಬ್ಬ ಕೆದಕಿ ಅದನ್ನೂ ಹುಡುಕಿದ. ಚಕ್ರ ಉರುಳಿಸುವ ರಬ್ಬರು ಮಾತ್ರ ಕಲ್ಲಾಗಿತ್ತು. ಅದಕ್ಕೊಂದು ಉಪಾಯ ಹೂಡಿ, ಸೈಕಲ್ ಟ್ಯೂಬು ಕತ್ತರಿಸಿ ಹಾಕಿದರೆ ತಟ್ಟೆಯಲ್ಲಿ ಹಾಡುವವಳು ಒಮ್ಮೆ ಓಡಿದಳು, ಒಮ್ಮೆ ತೂಕಡಿಸಿದಳು. ಮೂರನೆಯ ಸಲ ಟ್ಯೂಬು ಸವರಿ ಕೂರಿಸಿದಾಗ ಸರಿಹೋಯಿತು. ಸವೆದ ಮುಳ್ಳಿನ ಬದಲು ಹೊಸದನ್ನು ಗಿರಿ ಫೋನಿನಲ್ಲಿ ಆರ್ಡರ್ ಮಾಡಿ ತರಿಸಿದ. ಇಷ್ಟಕ್ಕೆ ಒಂದು ತಿಂಗಳೇ ಹಿಡಿಯಿತು. ಆ ತಿಂಗಳಿಡೀ ಕೋದಂಡಪ್ಪ ಯಾವುದೋ ನೆವ ಹೇಳಿ ಬಂಗಾರಪೇಟೆಗೆ ಹೋಗಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಬರುತ್ತಿದ್ದ.

ಹಾಲಿನ ಕ್ಯಾನುಗಳ ನಡುವೆ ನಿಂತು ಪೆಟ್ಟಿಗೆ ಮನೆಗೆ ಬಂತು. ಸೆಲ್ವರಾಜ್ ಕೊಟ್ಟ ತಟ್ಟೆಗಳಲ್ಲಿ ಒಂದು ನಾಗಸ್ವರದ್ದು. ಶಶಿರೇಖ ಮುಳ್ಳು ಇಟ್ಟಳು. ಕೋದಂಡಪ್ಪ ಕುರ್ಚಿ ಎಳೆದುಕೊಂಡು, ಎರಡು ಅಂಗೈ ಪೆಟ್ಟಿಗೆಯ ಪಕ್ಕೆಗೆ ಒತ್ತಿ, ಹಣೆಯನ್ನೂ ಮುಚ್ಚಳದ ಅಂಚಿಗೆ ಆನಿಸಿದ. ಡೋಲಿನ ಒಂದೊಂದು ಪೆಟ್ಟೂ ಬೇರೆಬೇರೆಯಾಗಿ ಕೈಗೆ ಬಂತು. ಕೈಯ ದಪ್ಪ ಪೆಟ್ಟು, ಅದರ ನಡುವೆ ಕೋಲಿನ ಚುರುಕು. ಅವುಗಳ ಮೇಲೆ ದಾರದಷ್ಟು ತೆಳ್ಳಗೆ ಏನೋ ಹರಿಯುತ್ತಿತ್ತು. ನಾಗಸ್ವರವೇ ಇರಬೇಕು. ಅವನ ಬೆರಳು ತಾನಾಗಿ ತಾಳ ಹಾಕತೊಡಗಿತು. ಶಶಿರೇಖ ಆ ಬೆರಳನ್ನೇ ನೋಡುತ್ತ ನಿಂತಳು. ಒಂದು ಪೆಟ್ಟೂ ತಪ್ಪಲಿಲ್ಲ.

ಅಂದಿನಿಂದ ಟಿವಿ ಬಾಯಿ ಮುಚ್ಚಿತು. ಕೈಯಿಂದ ಕೇಳುವವನಿಗೆ ಗಟ್ಟಿಯಾಗಿ ಹಾಕುವ ಅಗತ್ಯವೇ ಇಲ್ಲ. ದಿನಾ ಸಂಜೆ ಚಹಾ ಆದಮೇಲೆ, ಪಿಸುಮಾತಿನಷ್ಟು ಸದ್ದಿಟ್ಟು ಕೇಳುತ್ತಿದ್ದ. ಒಂದು ವಾರ ಕಳೆದಿರಬೇಕು, ಪಾಪಕ್ಕ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲಿಗೆ ಬಂದಳು. ಶಶಿರೇಖ ಜಗಳಕ್ಕೆ ಸಿದ್ಧಳಾದಳು.

"ಏನಮ್ಮಾ ನಿಮ್ಮಪ್ಪಂದು?" ಎಂದಳು ಪಾಪಕ್ಕ. "ಅರೆಬರೆ ಕೇಳ್ತೈತೆ. ಯಾವ ಆಡು ಅಂತ ಗೊತ್ತಾಗೋ ಒತ್ಗೆ ಮುಗ್ದೇ ಓಗ್ತೈತೆ. ಆಕೋದಾದ್ರೆ ಸರಿಯಾಗಿ ಆಕಿ, ಇಲ್ದಿದ್ರೆ ಬಿಡಿ. ನನಗೆ ಅನ್ನ ಬೇಯಿಸೋಕೇ ಮನಸು ಓಗಲ್ಲ!"

ಶಶಿರೇಖ ಅವಳನ್ನು ಒಳಗೇ ಕರೆದು ಕೂರಿಸಿದಳು. ಪಾಪಕ್ಕ ಹಳೆಯ ತೆಲುಗು ಹಾಡಿನ ತಟ್ಟೆ ಇದೆಯೇ ಎಂದು ಕೇಳಿದಳು. ಇತ್ತು. ತಟ್ಟೆಯ ಮೇಲಿನ ಚರಪರ ಸದ್ದು ಕೇಳುತ್ತಲೇ, "ಒಗ್ಗರಣೆ ಆಕ್ದಂಗೈತೆ" ಎಂದು ಕೆನ್ನೆಗೆ ಕೈಯಿಟ್ಟು ಕೂತವಳು ಅನ್ನ ಮರೆತಳು.

ಒಂದು ಸಂಜೆ ಶಶಿರೇಖ ಎರಡೂ ಕಿವಿಗೆ ಹತ್ತಿ ತುರುಕಿಕೊಂಡು ಅಪ್ಪನ ಎದುರು ಕೂತು, ಅವನ ಹಾಗೆಯೇ ಕೈ ಇಟ್ಟು ನೋಡಿದಳು. ಪದ ತಿಳಿಯಲಿಲ್ಲ, ಹಾಡುವವಳು ತಿಳಿಯಲಿಲ್ಲ. ಧಿಮ್ ಧಿಮ್ ಎಂಬ ಅದುರು ಮಾತ್ರ. ಅವಳ ಕಣ್ಣಲ್ಲಿ ನೀರು ಬಂತು. ಹತ್ತಿ ಕಿತ್ತು, ಅಪ್ಪನ ಕಿವಿಯ ಹತ್ತಿರ ಬಾಗಿ ಕೂಗಿದಳು: "ಇಷ್ಟೇನಾ ನಿಂಗೆ ಬರೋದು?"

"ಅಷ್ಟು ಸಾಕು ಕಣಮ್ಮ," ಎಂದ ಕೋದಂಡಪ್ಪ. "ಮಿಕ್ಕಿದ್ದು ನಂಗೆ ಬಾಯಿಗೆ ಬತ್ತೈತೆ." ಹಾಗೆಂದು ಪೆಟ್ಟಿಗೆಯ ಜೊತೆಗೆ ತಾನೂ ಹಾಡತೊಡಗಿದ. ಶ್ರುತಿ ಎಲ್ಲೋ ಇತ್ತು, ತಾಳ ಮಾತ್ರ ಗೂಟ ಹೊಡೆದ ಹಾಗಿತ್ತು. ಮಗಳು ಅತ್ತಿದ್ದನ್ನು ಮರೆತು ನಗತೊಡಗಿದಳು.

ಸುದ್ದಿ ಹಬ್ಬಿಸಿದವನು ಸೆಲ್ವರಾಜ್. ಗಣಿಯಲ್ಲಿ ಕಿವಿ ಕಳೆದುಕೊಂಡವನು ಕೋದಂಡಪ್ಪ ಒಬ್ಬನೇ ಏನಲ್ಲ. ಈಗ ಭಾನುವಾರ ಬೆಳಿಗ್ಗೆ ಇಡ್ಲಿ ತಿಂದು, ಚಾಂಪಿಯನ್ ಗಣಿಯ ಕಡೆಯಿಂದ, ಮಾರಿಕುಪ್ಪಂನಿಂದ ಹಳೇ ಡ್ರಿಲ್ಲಿನವರು ಒಬ್ಬೊಬ್ಬರಾಗಿ ಬರುತ್ತಾರೆ. ಪೆಟ್ಟಿಗೆಯನ್ನು ಗೋಡೆಯಿಂದ ಎಳೆದು ನಡುಮನೆಯಲ್ಲಿ ಇಡುತ್ತಾರೆ. ಸುತ್ತ ಕುರ್ಚಿ, ಪೆಟ್ಟಿಗೆಯ ನಾಲ್ಕೂ ಪಕ್ಕಕ್ಕೆ ಗಂಟುಗಂಟಾದ ಕೈಗಳು. ಹಾಡು ಶುರುವಾದರೆ ಎಲ್ಲರೂ ಕಣ್ಣು ಮುಚ್ಚುತ್ತಾರೆ. ಸ್ಪೀಕರಿನ ಪಕ್ಕದ ಜಾಗಕ್ಕೆ ಮಾತ್ರ ಚಿಕ್ಕ ಮಕ್ಕಳ ಹಾಗೆ ಕಿತ್ತಾಡುತ್ತಾರೆ.

ಹೋದ ಭಾನುವಾರ ಹಾಡಿನ ನಡುವೆ ತಾಳ ಎಳೆಯತೊಡಗಿತು. ಶಶಿರೇಖಳಿಗಾಗಲಿ ಪಾಪಕ್ಕನಿಗಾಗಲಿ ಗೊತ್ತಾಗಲಿಲ್ಲ. ಪೆಟ್ಟಿಗೆ ಹಿಡಿದು ಕೂತ ಆರೂ ಮುದುಕರು ಒಟ್ಟಿಗೆ ಕಣ್ಣು ತೆರೆದರು.

"ಟ್ಯೂಬು ಸವೀತು," ಎಂದ ಕೋದಂಡಪ್ಪ ಸಂತೋಷವಾಗಿ, ಬಂಗಾರಪೇಟೆಗೆ ಹೋಗಲು ಇನ್ನೊಂದು ನೆವ ಸಿಕ್ಕಿತಲ್ಲ ಎಂದು. "ನಾಳೆ ಆಂಜಿನಪ್ಪನತ್ರ ಓಗ್ತೀನಿ. ಯಾರ್ಯಾರು ಬತ್ತೀರ?"

ಪ್ರಶ್ನೆ ಎಲ್ಲರಿಗೂ ಕೇಳಿಸುವಂತೆ ಎರಡು ಸಲ ಕೂಗಬೇಕಾಯಿತು. ಮಾರನೆಯ ದಿನ ಆರೂ ಮಂದಿ ಬಂಗಾರಪೇಟೆಗೆ ಹೊರಟರು.