ಒಬ್ಬಪ್ಪನೋ, ನಮ್ಮಪ್ಪನೋ

ಕ್ಯಾಸೆಟ್ಟಿನಿಂದ ನನ್ನ ಮಾತನ್ನು ದೇವರೇ ಅಳಿಸಿದ ಎಂದು ನಮ್ಮೂರಿನವರು ಇವತ್ತಿಗೂ ಹೇಳುತ್ತಾರೆ. ಚಿಕ್ಕಮ್ಮ ಗೊತ್ತಾಗದೆ ರಿಮೋಟ್ ಒತ್ತಿಬಿಟ್ಟರು ಎಂದು ನಮ್ಮ ಮನೆಯವರು ಹೇಳುತ್ತಾರೆ. ಮೊದಲನೆಯದಕ್ಕೆ ಪುರಾವೆ ಇಲ್ಲ. ಎರಡನೆಯದಕ್ಕೆ ವಿರುದ್ಧವಾದ ಪುರಾವೆಯೇ ಇದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

2006ನೇ ಇಸವಿ. ನಾನು ಹಾಸನದಲ್ಲಿ ಬಿ.ಎ. ಓದುತ್ತಿದ್ದೆ. ಚರ್ಚಾಸ್ಪರ್ಧೆ ಎಂದರೆ ಊಟ ಬಿಟ್ಟು ಓಡುವವಳು. ಅಪ್ಪ ಹೊಳೆನರಸೀಪುರದ ಹತ್ತಿರದ ನಮ್ಮ ಹಳ್ಳಿಯ ದೇವಸ್ಥಾನದ ಅರ್ಚಕರು. ಆ ವರ್ಷ ಬೆಂಗಳೂರಿನ ಒಂದು ಟಿವಿ ವಾಹಿನಿ ಕಾಲೇಜು ವಿದ್ಯಾರ್ಥಿಗಳ ಚರ್ಚೆ ಏರ್ಪಡಿಸಿತ್ತು. ‘ನಂಬಿಕೆ ವಿವೇಚನೆಗೆ ಅಡ್ಡಿ’ ಎಂಬ ವಿಷಯ, ನಾನು ಪರ.

ನಮ್ಮ ಕಡೆ ದೇವರಿಗೆ ಹೂ ಕೇಳುವ ಪದ್ಧತಿಯಿದೆ. ಮನಸ್ಸಿನಲ್ಲಿ ಪ್ರಶ್ನೆ ಇಟ್ಟುಕೊಂಡು ಮೂರ್ತಿಯ ಮುಂದೆ ಕಾಯುವುದು. ಅರ್ಚಕರು ಮೂರ್ತಿಯ ಮೇಲಿಟ್ಟ ಹೂಗಳಲ್ಲಿ ಬಲಗಡೆಯದು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಅದನ್ನೇ ಉದಾಹರಣೆ ಕೊಟ್ಟೆ. ಬೇರೆ ಯಾವುದೋ ಊರಿನಲ್ಲಿ ಒಬ್ಬ ಪೂಜಾರಿ ಬಲಗಡೆಯ ಹೂವನ್ನು ಬೇಕೆಂದೇ ಸಡಿಲವಾಗಿ ಇಡುವುದನ್ನು ಕಂಡಿದ್ದೆ. “ಒಬ್ಬಪ್ಪ ಹೂವನ್ನು ಸಡಿಲವಾಗಿ ಇಡ್ತಾನೆ, ಊರೆಲ್ಲ ಅದನ್ನು ದೇವರ ಅಪ್ಪಣೆ ಅನ್ನುತ್ತೆ” ಎಂದೆ. ಜೋರು ಚಪ್ಪಾಳೆ ಬಿತ್ತು. ಮೊದಲನೇ ಬಹುಮಾನವೂ ಬಂತು.

ಅದು ಪ್ರಸಾರವಾಗುವುದಕ್ಕೆ ಇನ್ನೂ ಮೂರು ವಾರವಿತ್ತು. ಅಷ್ಟರಲ್ಲಿ ಸಭೆಯಲ್ಲಿ ಕುಳಿತಿದ್ದ ಯಾರೋ ಊರಿಗೆ ಸುದ್ದಿ ತಂದರು. ‘ನಮ್ಮಪ್ಪ ಹೂವನ್ನು ಸಡಿಲವಾಗಿ ಇಡ್ತಾರೆ’ ಎಂದು ನಾನು ಹೇಳಿದೆನಂತೆ.

ದೇವಸ್ಥಾನ ಸಮಿತಿಯ ಹಿರಿಯರಾದ ಗೌಡರು ಒಂದು ಸಂಜೆ ಮನೆಗೆ ಬಂದರು. ಕಾಫಿ ಮುಟ್ಟಲಿಲ್ಲ.

“ಸ್ವಾಮಿ, ನನ್ ಮಗಳ ಸಂಬಂಧ ಆ ಹೂವ ನಂಬ್ಕಂಡು ಒಪ್ಕಂಡಿದ್ದು. ಈಗ ಗಂಡಿನೋರು ಒಂದ್ ತರ ಮಾತಾಡ್ತಾವ್ರೆ. ನಿಮ್ಮ ಹುಡ್ಗಿ ಅಂಗಂದಿದ್ರೆ ಪೂಜೆಗೆ ಬ್ಯಾರೆಯೋರ್ನ ನೋಡ್ಕಬೇಕಾಯ್ತದೆ” ಎಂದರು.

ನಾನು ಸುಮ್ಮನಿರುವವಳೇ? “ಗೌಡ್ರೇ, ನಾನಂದಿದ್ದು ‘ಒಬ್ಬಪ್ಪ’, ಅಂದ್ರೆ ಯಾರೋ ಒಬ್ಬ. ನಮ್ಮಪ್ಪ ಆಗಿದ್ರೆ ‘ಇಡ್ತಾರೆ’ ಅಂತಿದ್ದೆ, ‘ಇಡ್ತಾನೆ’ ಅಂತಿರಲಿಲ್ಲ.”

“ತಾನೆಯೋ ತಾರೆಯೋ, ನಂಗೆ ವ್ಯಾಕರಣ ಬ್ಯಾಡ ಕಣವ್ವ. ತೋರ್ಸು, ನೋಡಾನ.”

ನಮ್ಮ ಹಳ್ಳಿಗೆ ಆಗ ಕೇಬಲ್ ಬಂದಿರಲಿಲ್ಲ. ಹಾಸನದ ಚಿಕ್ಕಪ್ಪ ಹಿಂದೆ ವಿಡಿಯೋ ಕ್ಯಾಸೆಟ್ ಬಾಡಿಗೆ ಅಂಗಡಿ ಇಟ್ಟಿದ್ದವರು. ಸಿಡಿ ಬಂದ ಮೇಲೆ ಅಂಗಡಿ ಮುಚ್ಚಿತು, ವಿಸಿಆರ್ ಒಂದು ಉಳಿದಿತ್ತು. ಮನೆಗೆ ಹೊಸದಾಗಿ ಡಿಶ್ ಹಾಕಿಸಿದ್ದರು. ಫೋನಿನಲ್ಲಿ ಧೈರ್ಯ ಹೇಳಿದರು: “ಡಿಶ್ ಬಾಕ್ಸಿನಿಂದ ವಿಸಿಆರಿಗೆ ವೈರ್ ಕೊಡ್ತೀನಿ. ಬಾಕ್ಸಲ್ಲಿ ಯಾವ ಚಾನೆಲ್ ಇರುತ್ತೋ ಅದೇ ಟೇಪಿಗೆ ಇಳಿಯುತ್ತೆ. ಅರ್ಧ ಗಂಟೆ ಯಾರೂ ರಿಮೋಟ್ ಮುಟ್ಟಬಾರದು, ಅಷ್ಟೇ ಕಣೆ.”

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕಾರ್ಯಕ್ರಮ. ಊರಿನಿಂದ ಹಾಸನಕ್ಕೆ ಎಂಟೂಕಾಲಿನ ಬಸ್ಸು ಹಿಡಿದೆ. ದಾರಿಯಲ್ಲಿ ಮೊಸಳೆ ಎಂಬ ಊರಿನ ಹತ್ತಿರ ಟೈರ್ ಪಂಕ್ಚರ್ ಆಯಿತು. ಜ್ಯಾಕ್ ಕೂರುತ್ತಿಲ್ಲ, ಹಿಂದೆ ಇನ್ನೊಂದು ಬಸ್ಸಿಲ್ಲ. ಹತ್ತು ಗಂಟೆಯಾದಾಗ ನಾನಿನ್ನೂ ರಸ್ತೆ ಬದಿಯಲ್ಲಿದ್ದೆ. ಅಲ್ಲಿ ಕರೆಂಟು ಹೋಗಿರಬಹುದು, ಟೇಪು ಸಿಕ್ಕಿಕೊಂಡಿರಬಹುದು ಎಂದುಕೊಳ್ಳುತ್ತಿದ್ದೆ. ಅದಕ್ಕಿಂತ ಕೆಟ್ಟ ಯೋಚನೆ ಆಮೇಲೆ ಬಂತು. ಮಾತಿನ ಬಿಸಿಯಲ್ಲಿ, ಚಪ್ಪಾಳೆಯ ಆಸೆಗೆ, ನಾಲಿಗೆ ನಿಜವಾಗಿಯೂ ‘ನಮ್ಮಪ್ಪ’ ಎಂದುಬಿಟ್ಟಿದ್ದರೆ?

ಚಿಕ್ಕಪ್ಪನ ಮನೆ ಮುಟ್ಟಿದಾಗ ಹನ್ನೊಂದು. ಗೇಟಿನ ಹತ್ತಿರ ಚಿಕ್ಕಮ್ಮ ತರಕಾರಿ ಚೀಲ ಹಿಡಿದು ಆಗಷ್ಟೇ ಬರುತ್ತಿದ್ದರು.

“ಈಗ ಬಂದ್ಯಾ? ನಾನೂ ನೋಡಲಿಲ್ಲ ಕಣೆ. ಕೆಮ್ಮಿದ್ರೂ ನಿಮ್ಮ ಚಿಕ್ಕಪ್ಪ ರೇಗ್ತಾರೆ ಅಂತ ಒಂಬತ್ತೂವರೆಗೇ ಮಾರ್ಕೆಟ್ಟಿಗೆ ಹೋದೆ.”

ಒಳಗೆ ಚಿಕ್ಕಪ್ಪ ಸ್ಕ್ರೂ ಡ್ರೈವರಿನಿಂದ ಕ್ಯಾಸೆಟ್ಟಿನ ಬೆನ್ನಿನ ಪ್ಲಾಸ್ಟಿಕ್ ತುಂಡನ್ನು ಮುರಿಯುತ್ತಿದ್ದರು. ಅದು ಹೋದರೆ ಆ ಟೇಪಿನ ಮೇಲೆ ಮತ್ತೆ ರೆಕಾರ್ಡ್ ಆಗುವುದಿಲ್ಲ.

“ಬಂತಾ ಚಿಕ್ಕಪ್ಪ?”

“ಚೆನ್ನಾಗಿ ಮಾತಾಡಿದ್ದೀಯ.”

“ಒಂದು ಸಲ ಹಾಕಿ, ನೋಡ್ತೀನಿ.”

“ಹಳೇ ಹೆಡ್ಡು, ಕಾದುಬಿಟ್ಟಿದೆ. ಈಗ ಹಾಕಿದ್ರೆ ಟೇಪ್ ಕಚ್ಚುತ್ತೆ. ಅಲ್ಲೇ ನೋಡೋಣ ನಡಿ” ಎಂದು ವಿಸಿಆರನ್ನು ಬೆಡ್‌ಶೀಟಿನಲ್ಲಿ ಸುತ್ತತೊಡಗಿದರು.

ಮಧ್ಯಾಹ್ನ ಗೌಡರ ಮನೆ ಹಜಾರದಲ್ಲಿ ಹತ್ತು ಹದಿನೈದು ಜನ ಸೇರಿದ್ದರು. ಗೌಡರ ಮಗಳು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ಎಷ್ಟು ಹೇಳಿದರೂ ಕೂರಲಿಲ್ಲ, ಕಂಬಕ್ಕೆ ಕೈಯಿಟ್ಟು ನಿಂತೇ ಇದ್ದರು. ಗೆರೆ ಗೆರೆಯಾಗಿ ಚಿತ್ರ ಮೂಡಿತು. ಪರದೆಯ ಮೇಲೆ ನಾನು ಕೈ ಎತ್ತಿ, “ನಮ್ಮ ಕಡೆ ದೇವರಿಗೆ ಹೂ ಕೇಳುವಾಗ” ಎಂದೆ.

ಚಿತ್ರ ಜಿಗಿಯಿತು. ಒಬ್ಬ ಹೆಂಗಸು ಬಾಣಲೆಯಲ್ಲಿ ಬದನೆಕಾಯಿ ಹುರಿಯುತ್ತಿದ್ದಳು. “ಈಗ ಚಿಟಿಕೆ ಇಂಗು ಹಾಕ್ಕೊಳ್ಳಿ” ಎಂದಳು. ಮತ್ತೆ ಜಿಗಿಯಿತು. ಸಭೆ ಚಪ್ಪಾಳೆ ತಟ್ಟುತ್ತಿತ್ತು, ನಾನು ಕುಳಿತುಕೊಳ್ಳುತ್ತಿದ್ದೆ.

ಚಿಕ್ಕಪ್ಪ ಹಣೆ ಚಚ್ಚಿಕೊಂಡರು. “ಥತ್! ನಮ್ಮನೇವಳು ರಿಮೋಟ್ ಒತ್ತಿಬಿಟ್ಟಿದ್ದಾಳೆ!”

ಮಾರ್ಕೆಟ್ಟಿನಲ್ಲಿದ್ದವರು ರಿಮೋಟ್ ಹೇಗೆ ಒತ್ತುತ್ತಾರೆ? ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಗೌಡರ ಮಗಳು ಕಿಸಕ್ಕೆಂದಳು. “ಹೂವ ಕೇಳುದ್ರೆ ಬದ್ನೇಕಾಯಿ ಕೊಟ್ತಲ್ಲಪ್ಪೋ!” ಎಂದು ಯಾರೋ ಕೂಗಿದರು. ಹಜಾರವೆಲ್ಲ ನಕ್ಕಿತು. ಗೌಡರೂ ನಕ್ಕು, “ಬುಡಿ ಅತ್ಲಾಗೆ ಸ್ವಾಮಿ. ಬ್ಯಾಡ ಅಂತ ಆ ದೇವ್ರೇ ಮುಚ್ಚಾಕವ್ನೆ” ಎಂದರು. ಅಪ್ಪ ಕಂಬ ಬಿಟ್ಟು ಕುಳಿತರು. ನಾನು ಬಾಯಿ ಮುಚ್ಚಿದೆ. ಬದುಕಿನಲ್ಲಿ ಮೊದಲ ಸಲ, ಉತ್ತರ ಗೊತ್ತಿದ್ದೂ ಸುಮ್ಮನಾದೆ.

ಗೌಡರ ಮಗಳ ಮದುವೆ ಆಯಿತು. ಪೂಜೆ ಅಪ್ಪನದೇ ಉಳಿಯಿತು.

ಮುಂದಿನ ಭಾನುವಾರ ಕಾಲೇಜಿನ ಗೆಳತಿಯ ಮನೆಯಲ್ಲಿ ಅದೇ ಅಡುಗೆಯ ಹೆಂಗಸನ್ನು ಕಂಡೆ. ಆ ಕಾರ್ಯಕ್ರಮ ಯಾವಾಗಲೂ ಶುರುವಾಗುವುದೇ ಹತ್ತೂವರೆಗೆ. ನಮ್ಮ ಚರ್ಚೆ ಮುಗಿದದ್ದೂ ಹತ್ತೂವರೆಗೆ. ಅಂದರೆ ಬದನೆಕಾಯಿ ನನ್ನ ಮಾತಿನ ನಡುವೆ ಬಂದದ್ದಲ್ಲ. ಎಲ್ಲ ಮುಗಿದ ಮೇಲೆ ಟೇಪನ್ನು ಹಿಂದಕ್ಕೆ ಸುತ್ತಿ, ಸರಿಯಾದ ಜಾಗ ಹುಡುಕಿ, ಯಾರೋ ಅದರ ಮೇಲೆ ಕೂರಿಸಿದ್ದರು. ಆಮೇಲೆ ಕ್ಯಾಸೆಟ್ಟಿನ ಬೆನ್ನಿನ ತುಂಡು ಮುರಿದಿದ್ದರು.

ವಾಹಿನಿಗೆ ಎರಡು ಪತ್ರ ಬರೆದೆ, ಉತ್ತರ ಬರಲಿಲ್ಲ. ಚರ್ಚೆಗೆ ಜೊತೆಗೆ ಬಂದಿದ್ದ, ಟಿವಿಯಲ್ಲೂ ನೋಡಿದ್ದ ಗೆಳತಿಯರಲ್ಲಿ ಒಬ್ಬಳು ಒಂದು ಹೇಳುತ್ತಾಳೆ, ಇನ್ನೊಬ್ಬಳು ಇನ್ನೊಂದು. ಅಂದಿನಿಂದ ವೇದಿಕೆಯ ಮೇಲೆ ಉದಾಹರಣೆ ಕೊಡುವ ಮೊದಲು ಒಂದು ಕ್ಷಣ ತಡೆಯುತ್ತೇನೆ. ಎದುರಾಳಿಗಳು ಅದನ್ನು ಅಳುಕು ಎನ್ನುತ್ತಾರೆ. ಇರಬಹುದು.

ನಾನು ‘ಒಬ್ಬಪ್ಪ’ ಎಂದೇ ಅಂದಿದ್ದರೆ ಆ ಟೇಪು ನಮಗೆ ಸಾಕ್ಷಿಯಾಗುತ್ತಿತ್ತು, ಅಳಿಸುವ ಅಗತ್ಯವೇ ಇರಲಿಲ್ಲ. ಅಥವಾ, ಚಿಕ್ಕಪ್ಪ, ‘ಒಬ್ಬಪ್ಪ’ ಎಂದರೂ ಗೌಡರ ಕಿವಿಗೆ ‘ನಮ್ಮಪ್ಪ’ ಎಂದೇ ಬೀಳುತ್ತದೆಂದು ನೀವು ಹೆದರಿದಿರೋ?

ಅಳಿಸುವ ಮೊದಲು ಆ ಟೇಪನ್ನು ಪೂರ್ತಿ ಕೇಳಿದವರು ನೀವೊಬ್ಬರೇ. ನಾನು ಏನು ಅಂದಿದ್ದೆ?