ಕತ್ತರಿ ಬಿದ್ದ ಗರಿ

ನಮ್ಮ ಬೀದಿಯ ಕ್ಷೌರಿಕನನ್ನು ಎಲ್ಲರೂ ರೇಡಿಯೋ ಎಂದೇ ಕರೆಯುತ್ತಿದ್ದೆವು. ಕತ್ತರಿಗಿಂತ ನಾಲಿಗೆಯೇ ಹೆಚ್ಚು ಓಡುತ್ತಿತ್ತು. ತನ್ನ ಕೋಳಿ ಕೂಗಿದ್ದರಿಂದಲೇ ಬೆಳಗಾಯಿತು ಎಂದುಕೊಂಡ ಮುದುಕಿಯ ಹಾಗೆ, ತಾನು ಅಂಗಡಿ ತೆಗೆದರೇನೇ ಬೀದಿ ಏಳುವುದು ಎಂಬ ಜಂಬ ಬೇರೆ. ಅಂಥವನಿಗೆ ಒಂದು ದಿನ, ಗಿರಾಕಿಯ ಗಡ್ಡ ಅರ್ಧ ಹೆರೆಯುವಷ್ಟರಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ಪೂರ್ತಿ ನಿಂತಿತು.

ಅವರ ಹಿತ್ತಲಿಗೂ ನನ್ನ ಹಿತ್ತಲಿಗೂ ನಡುವೆ ಎದೆಮಟ್ಟದ ಗೋಡೆಯೊಂದೇ. ಅವನ ಹೆಂಡತಿ ನನ್ನನ್ನು ದೊಡ್ಡಮ್ಮ ಎನ್ನುತ್ತಾಳೆ. ಗಂಡ ಬಿದ್ದ ಮೇಲೆ ಅವಳು ಮನೆಯಲ್ಲೇ ಮೇಜು ಹಾಕಿ ಇಸ್ತ್ರಿ ಮಾಡತೊಡಗಿದಳು. ಮೊಟ್ಟೆಗಾದರೂ ಆಗಲೆಂದು ಗಾಡಿಯವನ ಹತ್ತಿರ ಆರು ಕೋಳಿಮರಿ ಕೊಂಡಳು. ಎಲ್ಲಾ ಹೇಂಟೆಯೇ ಎಂದು ಅವನು ಆಣೆ ಹಾಕಿದ್ದ. ಮಾರುವವನ ಆಣೆ, ಕೇಳಬೇಕೇ.

ಅವರು ಬಾಡಿಗೆಗಿರುವ ಮನೆಯ ಒಡತಿ ಮಹಡಿಯ ಮೇಲಿರುವ ನರ್ಸ್. ರಾತ್ರಿ ಪಾಳಿಯವಳು. ದಿನಾ ಸಂಜೆ ಡ್ಯೂಟಿಗೆ ಹೋಗುವ ಮುಂಚೆ ಕೆಳಗಿಳಿದು ಬಂದು, ರೇಡಿಯೋನನ್ನು ಎತ್ತಿಸಿ, ಸ್ನಾನ ಮಾಡಿಸಿ, ಬೆನ್ನಿಗೆ ಹುಣ್ಣಾಗದಂತೆ ಪುಡಿ ಹಾಕಿ ಹೋಗುತ್ತಿದ್ದಳು. ಅವಳು ಬರದಿದ್ದರೆ ಆ ದಪ್ಪ ಮೈಯನ್ನು ಈ ಕಡ್ಡಿಯಂಥ ಹೆಂಗಸು ಅಲುಗಿಸುವುದೂ ಆಗದ ಮಾತು. ಮರಿಗಳನ್ನು ನೋಡಿ ನರ್ಸ್ ಹೇಳಿದ್ದು ಇಷ್ಟೇ: "ಸಾಕಿ ಅಕ್ಕಾ, ಬೇಡ ಅನ್ನಲ್ಲ. ಹುಂಜ ಮಾತ್ರ ಬೇಡ. ನಾನು ಮಲಗೋದೇ ಬೆಳಗಾದ ಮೇಲೆ."

ಆರರಲ್ಲಿ ಒಂದು ಬೂದು ಬಣ್ಣದ್ದು. ಉಳಿದವು ಅದನ್ನು ಕುಕ್ಕಿ ಕುಕ್ಕಿ ಹಣ್ಣು ಮಾಡುತ್ತಿದ್ದವೆಂದು ಅದನ್ನು ತಂದು ಗಂಡನ ಮಂಚದ ಮೇಲೆ ಬಿಟ್ಟಳು. ಅದು ಹೋಗಿ ಅವನ ಸತ್ತ ಬಲಗೈಯ ಸಂದಿಯಲ್ಲಿ ಕೂತಿತು. ಬೂದಿ ಎಂದು ಹೆಸರಾಯಿತು. ಒಂದು ಮಧ್ಯಾಹ್ನ ಅವಳು ಗೋಡೆಯಾಚೆಯಿಂದ ನನ್ನನ್ನು ಕರೆದಳು. ಹೋಗಿ ನೋಡಿದರೆ, ಯಾರು ಎಷ್ಟು ತೀಡಿದರೂ ಅಲುಗದ ಆ ಬೆರಳುಗಳು ಮರಿಯ ಬೆನ್ನ ಮೇಲೆ ಮೆಲ್ಲಗೆ ಆಡುತ್ತಿದ್ದವು. ನನ್ನ ಕಣ್ಣಲ್ಲೂ ನೀರು ಬಂತು.

ನರ್ಸ್ ಕೈ ಹಿಡಿದು ನೋಡಿದಳು. ಒಳ್ಳೆಯದೇ, ಮರಿಯನ್ನು ದಿನಾ ಅಲ್ಲೇ ಬಿಡಿ ಎಂದಳು. ಆದರೆ ಇಂಥ ಕೈಗೆ ಮುಚ್ಚುವುದು ಮೊದಲು ಬರುತ್ತದೆ, ಬಿಚ್ಚುವುದು ತಡ. ಒಮ್ಮೆ ಅವನು ಚಮಚ ಹಿಡಿದವನು ಬಿಡಲಾರದೆ ಹೋದ. ಎಳೆದಷ್ಟೂ ಮುಷ್ಟಿ ಬಿಗಿಯಿತು. ಆಗ ನರ್ಸ್ ಮಣಿಕಟ್ಟನ್ನು ಒಳಕ್ಕೆ ಬಗ್ಗಿಸಿದಳು, ಬೆರಳು ತಾವಾಗಿ ಸಡಿಲವಾದವು.

ಮರಿಗಳು ಬೆಳೆದವು. ಯಾವುದು ಹುಂಜ, ಯಾವುದು ಹೇಂಟೆ ಎಂದು ಹೇಳಲು ಬೀದಿಯವರೆಲ್ಲ ಪಂಡಿತರಾದರು. ಉಂಗುರಕ್ಕೆ ದಾರ ಕಟ್ಟಿ ತಲೆಯ ಮೇಲೆ ತೂಗಿಸು ಎಂದರೊಬ್ಬರು, ಕಾಲು ಹಿಡಿದು ತಲೆಕೆಳಗು ಮಾಡು ಎಂದರೊಬ್ಬರು. ಮೂರಕ್ಕೆ ಯಾವ ಪಾಂಡಿತ್ಯವೂ ಬೇಕಾಗಲಿಲ್ಲ. ಜುಟ್ಟು ಬೇಗ ಕೆಂಪಾಗಿ, ಕಾಲು ದಪ್ಪವಾಗಿ, ಎದೆಯುಬ್ಬಿಸಿ ಜಗಳಕ್ಕೆ ನಿಂತವು. ಅವನ್ನು ಕೋಳಿ ಅಂಗಡಿಯವನಿಗೆ ಕೊಟ್ಟು ಬಂದಳು. ಜುಟ್ಟು ಒಮ್ಮೊಮ್ಮೆ ಮೋಸ ಮಾಡುತ್ತದೆ, ಬಾಲ ಶುರುವಾಗುವ ಕಡೆ ಸೊಂಟದ ಗರಿ ನೋಡಿ, ಹೇಂಟೆಯದು ತುದಿ ದುಂಡು, ಹುಂಜದ್ದು ಚೂಪು ಎಂದು ಅವನು ಹೇಳಿ ಕಳಿಸಿದ.

ಮರುದಿನ ಬಟ್ಟೆ ಹರವುತ್ತಿದ್ದವಳು ಗೋಡೆಯಾಚೆ ನೋಡಿದೆ. ಅವಳು ಬೂದಿಯನ್ನು ತೊಡೆಯ ಮೇಲಿಟ್ಟುಕೊಂಡು, ಗಂಡನ ಕತ್ತರಿಯಿಂದ ಅದರ ಸೊಂಟದ ಗರಿಗಳ ತುದಿಯನ್ನು ಒಂದೊಂದಾಗಿ ದುಂಡಗೆ ಕತ್ತರಿಸುತ್ತಿದ್ದಳು.

"ಏನೇ ಇದು?" ಎಂದೆ.

"ದುಂಡಗೇ ಇದೆ ನೋಡಿ ದೊಡ್ಡಮ್ಮ," ಎಂದಳು.

ಯಾರ ಕಣ್ಣಿಗೆ ಮಣ್ಣೆರಚಲು ಹೊರಟಿದ್ದಳೋ! ಗರಿಗೆ ಕತ್ತರಿ ಹಾಕಬಹುದು, ಗಂಟಲಿಗೆ ಹಾಕಲಾದೀತೇ? ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಕೋಳಿಗೂ ಸಲ್ಲುವ ಮಾತು. ಆದರೂ ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಹುಂಜ ಉಳಿದರೆ ನರ್ಸ್ ದೂರವಾಗುತ್ತಾಳೆ, ಹುಂಜ ಹೋದರೆ ಗಂಡನ ಕೈ ಹೋಗುತ್ತದೆ. ಅವಳು ಎತ್ತ ಹೋಗಬೇಕು?

ಅವಳ ಕಳ್ಳತನ ಮೊದಲು ಸಿಕ್ಕಿಬಿದ್ದದ್ದು ಗಂಡನ ಕೈಗೇ. ಜೀವನವಿಡೀ ಕೂದಲು ಕತ್ತರಿಸಿದವನಿಗೆ ಕತ್ತರಿ ಬಿದ್ದ ತುದಿ ತಿಳಿಯದೇ? ಎಡಗೈಯಿಂದಲೂ ಸವರಿ ನೋಡಿ, ಹೆಂಡತಿಯ ಮುಖವನ್ನೇ ದಿಟ್ಟಿಸಿದನಂತೆ. ಅವಳು ಅತ್ತು ಎಲ್ಲವನ್ನೂ ಹೇಳಿಬಿಟ್ಟಳಂತೆ. "ಇದು ಕೂಗಿದ್ರೆ ಸಿಸ್ಟರ್‌ಗೆ ನಿದ್ದೆ ಇಲ್ಲ ರೀ. ಅವರು ಬರೋದು ಬಿಟ್ರೆ ನಿಮ್ಮನ್ನ ನಾನೊಬ್ಳೇ ಹೇಗೆ ಎತ್ಲಿ?" ಅವನು ಕೇಳಿಸಿಕೊಂಡ. ಮಾತು ಹೋಗಿತ್ತೇ ಹೊರತು ಬುದ್ಧಿ ಹೋಗಿರಲಿಲ್ಲ.

ಬೂದಿ ಕೂಗಲು ಕಲಿಯಿತು. ಮೊದಮೊದಲು ಒಡಕು ಗಂಟಲು, ತುಕ್ಕು ಹಿಡಿದ ಬಾಗಿಲಿನ ಹಾಗೆ. ಅದು ಕತ್ತು ಚಾಚಿದ ಕೂಡಲೇ ಇವಳು ಇಸ್ತ್ರಿ ಪೆಟ್ಟಿಗೆ ಬಿಟ್ಟು ಓಡಿ, ಅದನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಳ್ಳುತ್ತಿದ್ದಳು. ಎರಡು ಅಂಗಿಗಳು ಸುಟ್ಟವು. ಅವಳಿಗೆ ಊಟ ಸೇರದಾಯಿತು, ನಿದ್ದೆ ಹತ್ತದಾಯಿತು.

ಆ ದಿನ ನರ್ಸ್ ಡ್ಯೂಟಿ ಮುಗಿಸಿ ಬಂದು ಮೇಲೆ ಮಲಗಿದ್ದಳು. ಇವಳು ಇಸ್ತ್ರಿ ಬಟ್ಟೆ ಕೊಡಲು ಹೋಗಿದ್ದಳು. ಅವರ ಕೋಣೆಯಿಂದ ಹುಂಜದ ಕೂಗು ಎದ್ದು ಅರ್ಧಕ್ಕೇ ನಿಂತದ್ದು ನನಗೆ ಕೇಳಿಸಿತು. ಸದ್ಯ, ಸುಮ್ಮನಾಯಿತಲ್ಲ ಎಂದುಕೊಂಡೆ. ಸ್ವಲ್ಪ ಹೊತ್ತಿಗೆ, ಬಟ್ಟೆ ಕೊಟ್ಟು ಮರಳಿದ ಅವಳು ಕೂಗಿಕೊಂಡ ದನಿಗೆ ಬಿದ್ದೆನೋ ಕೆಟ್ಟೆನೋ ಎಂದು ಓಡಿದೆ.

ಬೂದಿಯ ಕತ್ತು ಅವನ ಬಲಗೈಯ ಮುಷ್ಟಿಯಲ್ಲಿತ್ತು. ಅದನ್ನು ಸುಮ್ಮನಾಗಿಸಲೆಂದು ಹಿಡಿದದ್ದು, ಬಿಡಲಾಗಿರಲಿಲ್ಲ. ಅವಳು ಬೆರಳು ಎಳೆಯುತ್ತಿದ್ದಳು, ಅವನೂ ತನ್ನ ಎಡಗೈಯಿಂದ ಎಳೆಯುತ್ತಿದ್ದ. ಎಳೆದಷ್ಟೂ ಮುಷ್ಟಿ ಬಿಗಿಯುತ್ತಿತ್ತು. ಅವನ ಬಾಯಿಂದ ಗೊರಗೊರ ಸದ್ದು, ಕೆನ್ನೆಯ ಮೇಲೆಲ್ಲ ನೀರು. ನರ್ಸ್ ಕೆದರಿದ ಕೂದಲಲ್ಲೇ ಮೆಟ್ಟಿಲಿಳಿದು ಬಂದು ಮಣಿಕಟ್ಟು ಬಗ್ಗಿಸಿದಳು. ಮುಷ್ಟಿ ಬಿಚ್ಚಿತು. ಬೂದಿಯ ತಲೆ ಪಕ್ಕಕ್ಕೆ ವಾಲಿತು.

ನರ್ಸ್ ಆ ಕತ್ತರಿಸಿದ ಗರಿಗಳನ್ನು ಬೆರಳಿನಿಂದ ಮುಟ್ಟಿದಳು. "ವಾರದಿಂದ ಕೂಗ್ತಾ ಇತ್ತಲ್ಲ ಅಕ್ಕಾ," ಎಂದಳು. "ನಾನು ಕೇಳಿಸ್ಕೊಂಡೇ ಮಲಗ್ತಿದ್ದೆ. ಇವರ ಕೈ ಆಡ್ತಿದೆಯಲ್ಲ ಅಂತ ಸುಮ್ನಿದ್ದೆ."

"ಒಂದು ಮಾತು ಹೇಳಬಾರದಿತ್ತಾ ಸಿಸ್ಟರ್?"

"ನೀವೂ ಹೇಳ್ಬಹುದಿತ್ತು," ಎಂದು ನರ್ಸ್ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಸಂಜೆಯ ಸ್ನಾನ ತಪ್ಪಲಿಲ್ಲ, ನರ್ಸ್ ಈಗಲೂ ಬರುತ್ತಾಳೆ. ಕೆಲವು ದಿನ ಬಿಟ್ಟು ಅವನ ಹೆಂಡತಿ ಉಳಿದ ಹೇಂಟೆಗಳಲ್ಲಿ ಸಾಧುವಾದ ಒಂದನ್ನು ತಂದು ಅವನ ತೊಡೆಯ ಮೇಲೆ ಕೂರಿಸಿದಳು. ನಾನೂ ಅಲ್ಲೇ ಇದ್ದೆ. ಬಲಗೈಯ ಬೆರಳುಗಳು ಗರಿಯ ಕಡೆಗೆ ಮೆಲ್ಲಗೆ ಆಡತೊಡಗಿದವು. ಅವನು ಎಡಗೈಯಿಂದ ಆ ಕೈಯನ್ನು ಹಿಡಿದು ಹಾಸಿಗೆಗೆ ಒತ್ತಿದ. ಕೋಳಿ ಇಳಿದು ಹೋಗುವವರೆಗೂ ಬಿಡಲಿಲ್ಲ.